ಬುಲೆಟ್ ಬಿಟ್ಟು ಮೂರು ಚಕ್ರದ ಗಾಡಿಗೆ ಹೋಗಲಾ?

ಪ್ರಶ್ನೆ: ಸಾರ್, ನನಗೆ 61 ವರ್ಷ. ಆಲ್ದೂರಿನ ಹತ್ತಿರ ಐದು ಎಕರೆ ಕಾಫಿ ತೋಟ ಇದೆ. 26 ವರ್ಷದಿಂದ ಒಂದೇ ಬುಲೆಟ್ 350 ಓಡಿಸುತ್ತಿದ್ದೇನೆ, ಬಲಗಾಲಿಗೆ ಗೇರ್ ಇರುವ ಹಳೆಯ ಗಾಡಿ. ಎಡ ಮಂಡಿ ಸವೆದಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಕಳೆದ ಮಳೆಗಾಲದಿಂದ ಈಚೆಗೆ ಎರಡು ಸಲ ಗಾಡಿ ಬೀಳಿಸಿಕೊಂಡೆ. ಒಂದು ಪೆಟ್ರೋಲ್ ಬಂಕ್ ಮುಂದೆ, ಇನ್ನೊಂದು ನಮ್ಮ ತೋಟದ ಉಣಗೋಲಿನ (ಅಡ್ಡ ಗಳು ಸರಿಸಿ ತೆರೆಯುವ ಗೇಟು) ಏರಿನಲ್ಲಿ. ಎರಡನೇ ಸಲ ಹಿಂದೆ ಮನೆಯವಳು ಕೂತಿದ್ದಳು. ಅವಳ ಕಾಲು ಗಾಡಿಯಡಿ ಸಿಕ್ಕಿ ಮೂರು ವಾರ ಬಾವು ಇಳಿಯಲಿಲ್ಲ. ಇನ್ನು ಆ ಗಾಡಿ ಹತ್ತುವುದಿಲ್ಲ ಎನ್ನುತ್ತಾಳೆ. ಅಕ್ಕನ ಮಗ, ಬುಲೆಟ್‌ಗೆ ಹಿಂದೆ ಎರಡು ಚಕ್ರ ಹಾಕಿ ಟ್ರೈಕ್ ಮಾಡಿರುವ ವಿಡಿಯೋ ಕಳಿಸಿದ್ದಾನೆ. ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಹೋಗುತ್ತೇನೆ, ಆಗಾಗ ಬಾಳೆಹೊನ್ನೂರಿಗೆ, ದಿನಾ ತೋಟದೊಳಗೆ. ನಾನು ಟ್ರೈಕ್ ಮಾಡಿಸಿಕೊಳ್ಳುವುದು ಸರಿಯಾ?

ಉತ್ತರ: ಅಣ್ಣಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತಿಗೆಯವರ ಕಾಲಿಗೆ ಪೆಟ್ಟಾಗಿದ್ದು ಓದಿ ಬೇಜಾರಾಯಿತು. ಆದರೆ ಆ ಎರಡು ಬೀಳುವಿಕೆಯಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಎರಡು ಸಲವೂ ನೀವು ಬಿದ್ದದ್ದು ಗಾಡಿ ಓಡುವಾಗ ಅಲ್ಲ, ನಿಲ್ಲಿಸುವಾಗ. ಅಲ್ವಾ?

ನಾನು ಇಪ್ಪತ್ತೆರಡು ವರ್ಷದಿಂದ ಚಿಕ್ಕಮಗಳೂರಿನಲ್ಲಿ ಗ್ಯಾರೇಜ್ ನಡೆಸುತ್ತಿದ್ದೇನೆ. ಅಂಗವೈಕಲ್ಯ ಇರುವವರ ಸ್ಕೂಟರ್‌ಗಳಿಗೆ ಸೈಡ್ ವೀಲ್, ಅಂದರೆ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಆಸರೆಯ ಚಕ್ರ ಹಾಕಿ, ಓಡಿಸುವುದನ್ನು ಹೇಳಿಕೊಡುವುದೇ ನನ್ನ ಕೆಲಸದಲ್ಲಿ ದೊಡ್ಡ ಪಾಲು. ಟ್ರೈಕ್ ಬೇಕು ಅಂತ ಬರುವ ಎಲ್ಲರಿಗೂ ಮೊದಲು ಕೇಳುವುದು ಇದೊಂದೇ: ಎಲ್ಲಿ ಬಿದ್ದಿರಿ? ನಿಂತಾಗಲೋ, ಓಡುವಾಗಲೋ? ಮೂರನೇ ಚಕ್ರ ನಿಂತಾಗ ಬೀಳುವುದನ್ನು ತಪ್ಪಿಸುತ್ತದೆ. ಓಡುವಾಗ ಅದು ಒಂದು ಅಪಾಯ ತೆಗೆದು ಇನ್ನೊಂದನ್ನು ಕೊಡುತ್ತದೆ. ಆ ಇನ್ನೊಂದು ಎಂಥದ್ದು ಅಂತ ವಿಡಿಯೋ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು ನಿಮ್ಮ ಬುಲೆಟ್ ವಿಷಯ. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ನಿಮ್ಮ ಕೆಟ್ಟ ಮಂಡಿ ಎಡದ್ದು. ಈಗ ಉಣಗೋಲಿನ ಹತ್ತಿರ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಏರಿನಲ್ಲಿ ನಿಲ್ಲಿಸಿದಿರಿ. ಗಾಡಿ ಹಿಂದಕ್ಕೆ ಜಾರದಂತೆ ಎಡಗಾಲು ಬ್ರೇಕಿನ ಮೇಲೆ. ಕಲ್ಲು ಸರಿದೋ, ಹಿಂದೆ ಕೂತವರು ಇಳಿಯಲು ಹೊರಟೋ, ಗಾಡಿ ಎಡಕ್ಕೆ ವಾಲಿತು. ಕಾಲು ಊರಬೇಕು ಅಂದರೆ ಬ್ರೇಕ್ ಬಿಡಬೇಕು. ಬ್ರೇಕ್ ಬಿಟ್ಟ ಕೂಡಲೇ ಗಾಡಿ ಹಿಂದಕ್ಕೆ ಹೊರಟಿತು. ಆಗ ಅಷ್ಟೂ ಭಾರ ಸವೆದ ಮಂಡಿಯ ಮೇಲೆ ಬಿತ್ತು, ಮಂಡಿ ಕೈಕೊಟ್ಟಿತು. ನಾನು ಅಲ್ಲಿರಲಿಲ್ಲ ನಿಜ. ಆದರೆ ಬಲ ಗೇರ್‌ನ ಬುಲೆಟ್ ಇಟ್ಟುಕೊಂಡ ವಯಸ್ಸಾದವರು ಏರಿನಲ್ಲಿ ಬೀಳುವುದು ಹೆಚ್ಚಾಗಿ ಹೀಗೆಯೇ. ಬಂಕ್ ಮುಂದೆಯೂ ಇದೇ ಆಗಿರಬಹುದು. ರಸ್ತೆಯ ಎಡ ಅಂಚು ನೀರು ಹರಿಯಲಿ ಅಂತ ಚರಂಡಿ ಕಡೆಗೆ ಇಳಿಜಾರಾಗಿರುತ್ತದೆ. ಅಲ್ಲಿ ಎಡಗಾಲಿಗೆ ನೆಲ ಎರಡು ಮೂರು ಇಂಚು ಕೆಳಗೆ ಸಿಗುತ್ತದೆ. ಗಟ್ಟಿ ಕಾಲಿಗೆ ಅದು ತಿಳಿಯುವುದೇ ಇಲ್ಲ. ನಿಮ್ಮ ಕಾಲಿಗೆ ಅಷ್ಟೇ ಸಾಕು.

ಭಾರದ ಲೆಕ್ಕವನ್ನೂ ನೋಡಿ. ನಿಮ್ಮ ಗಾಡಿ 170 ಕೆ.ಜಿ. ಆಸುಪಾಸು ಇರುತ್ತದೆ. ಈಗಿನ ಕ್ಲಾಸಿಕ್ 350 ಆದರೆ 195. ಆಕ್ಟಿವಾದಂಥ ಸ್ಕೂಟರ್ 107 ಕೆ.ಜಿ. ಆಸುಪಾಸು. ಟಿವಿಎಸ್ ಎಕ್ಸ್‌ಎಲ್ 100 ಆದರೆ 90ರ ಒಳಗೇ. ಬುಲೆಟ್ 20 ಡಿಗ್ರಿ ವಾಲಿದರೆ ಹ್ಯಾಂಡಲ್ ಹಿಡಿದು ತಡೆಯಲು ಸುಮಾರು 30 ಕೆ.ಜಿ. ಎತ್ತುವಷ್ಟು ಬಲ ಬೇಕು. ಸ್ಕೂಟರ್‌ಗೆ 18 ಕೆ.ಜಿ. ಸಾಕು. ಇದು ಗಾಡಿಯ ಲೆಕ್ಕ ಮಾತ್ರ. ಹಿಂದೆ ಅತ್ತಿಗೆ ಇದ್ದರೆ ಇನ್ನೂ ಜಾಸ್ತಿ.

ಅದಕ್ಕೇ ಹೇಳುತ್ತೇನೆ, ನಿಮ್ಮ ತೊಂದರೆ ಚಕ್ರ ಎರಡೇ ಇರುವುದರಿಂದ ಬಂದದ್ದಲ್ಲ. ಕೆಟ್ಟ ಮಂಡಿಯ ಕೆಳಗೇ ಬ್ರೇಕ್ ಇದೆ, ಅದರ ಮೇಲೆ ಭಾರದ ಗಾಡಿ ಇದೆ.

ಹಾಗಾದರೆ ಟ್ರೈಕ್ ಬೇಡವೇ ಅಂತ ಕೇಳುತ್ತೀರಿ. ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಅದರಿಂದ ಬದುಕೇ ಬದಲಾದವರನ್ನು ಕಣ್ಣಾರೆ ನೋಡಿದ್ದೇನೆ. ಪೋಲಿಯೋದಿಂದ ಎರಡೂ ಕಾಲಿನ ಬಲ ಹೋದವರು ಮೊದಲ ಸಲ ಒಬ್ಬರೇ ಪೇಟೆಗೆ ಹೋಗಿ ಬಂದು ನನ್ನ ಗ್ಯಾರೇಜ್ ಮುಂದೆ ನಿಂತು ಅತ್ತದ್ದಿದೆ. ಆದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇದೆ. ಅದಕ್ಕೆ ಮೂರು ಚಕ್ರ ಹೇಗೆ ಓಡುತ್ತದೆ ಅಂತ ಸರಿಯಾಗಿ ತಿಳಿದುಕೊಂಡು ತೀರ್ಮಾನ ಮಾಡಿ.

ಬೈಕ್ ತಿರುವಿನಲ್ಲಿ ವಾಲುತ್ತದೆ. ಹೊರಕ್ಕೆ ತಳ್ಳುವ ಬಲವನ್ನು ಒಳಕ್ಕೆ ವಾಲಿ ಸರಿದೂಗಿಸುತ್ತದೆ. ಟ್ರೈಕ್ ವಾಲುವುದಿಲ್ಲ. ಆಟೋದಲ್ಲಿ ಕೂತು ಹನುಮಂತಪ್ಪ ಸರ್ಕಲ್ ಜೋರಾಗಿ ಸುತ್ತಿದರೆ ಮೈ ಹೊರಕ್ಕೆ ಎಳೆಯುತ್ತದಲ್ಲ, ಕಂಬಿ ಹಿಡಿದುಕೊಳ್ಳುತ್ತೇವಲ್ಲ, ಹಾಗೆಯೇ ಇದು. ಒಳಗಿನ ಹಿಂದಿನ ಚಕ್ರ ಎದ್ದು ಆಟೋ ಎರಡೇ ಚಕ್ರದ ಮೇಲೆ ತಿರುಗುವುದನ್ನು ನೀವೂ ನೋಡಿರುತ್ತೀರಿ. ಮುಂದೆ ಒಂದು, ಹಿಂದೆ ಎರಡು ಚಕ್ರ ಇರುವ ಎಲ್ಲ ಗಾಡಿಗೂ ಇದೇ ಗುಣ.

ಇನ್ನೊಂದು ವಿಷಯ ಇದೆ, ಅದು ಕೈಯ ಅಭ್ಯಾಸದ್ದು. ಸ್ವಲ್ಪ ವೇಗದಲ್ಲಿ ಬೈಕನ್ನು ಎಡಕ್ಕೆ ತಿರುಗಿಸಲು ನಾವು ಹ್ಯಾಂಡಲಿನ ಎಡ ತುದಿಯನ್ನು ಮುಂದಕ್ಕೆ ಒತ್ತುತ್ತೇವೆ. ನಂಬಿಕೆ ಬರದಿದ್ದರೆ ನಾಳೆ ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಾಡಿ ಎಡಕ್ಕೆ ವಾಲಿ ಎಡಕ್ಕೇ ಹೋಗುತ್ತದೆ. ಇದನ್ನು ಯಾರೂ ಕಲಿಸಿರುವುದಿಲ್ಲ, ಕೈ ತಾನಾಗಿ ಕಲಿತಿರುತ್ತದೆ. ಟ್ರೈಕ್‌ನಲ್ಲಿ ಹೀಗೆ ಒತ್ತಿದರೆ ಮುಂದಿನ ಚಕ್ರ ಬಲಕ್ಕೆ ತಿರುಗುತ್ತದೆ, ಗಾಡಿಯೂ ಬಲಕ್ಕೇ ಹೋಗುತ್ತದೆ.

ನನಗೆ ಇದು ಕೈಮರದ ದಾರಿಯಲ್ಲಿ ಗೊತ್ತಾಯಿತು. ಕೆಲಸಕ್ಕೆ ಇಳಿದ ಮೊದಲ ವರ್ಷ. ಒಬ್ಬರ ಸ್ಕೂಟರ್‌ಗೆ ಸೈಡ್ ವೀಲ್ ಹಾಕಿ, ಸರಿ ಇದೆಯಾ ನೋಡೋಣ ಅಂತ ನಾನೇ ಓಡಿಸಿಕೊಂಡು ಹೋದೆ. ಊರೊಳಗೆ ಮೆಲ್ಲಗೆ ಹೋಗುವಾಗ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ಎಡ ತಿರುವು ಬಂತು. ವೇಗ 35 ಇರಬಹುದು. ಅಭ್ಯಾಸದಂತೆ ಎಡ ಹ್ಯಾಂಡಲ್ ಒತ್ತಿದೆ. ಗಾಡಿ ಬಲಕ್ಕೆ ಹೊರಟಿತು. ಗಾಬರಿಯಾಗಿ ಇನ್ನೂ ಜೋರಾಗಿ ಒತ್ತಿದೆ. ರಸ್ತೆ ದಾಟಿ ಆಚೆ ಚರಂಡಿಗೆ ಬಿದ್ದೆ. ಎದುರಿಗೆ ಒಂದು ಬಸ್ಸೋ ಜೀಪೋ ಬಂದಿದ್ದರೆ ಇವತ್ತು ಈ ಉತ್ತರ ಬರೆಯುತ್ತಿರಲಿಲ್ಲ. ಆವತ್ತಿನಿಂದ, ಸೈಡ್ ವೀಲ್ ಹಾಕಿಸಿಕೊಂಡವರನ್ನು ಖಾಲಿ ಮೈದಾನದಲ್ಲಿ ಕೆಲವು ದಿನ ಓಡಿಸದೆ ರಸ್ತೆಗೆ ಬಿಟ್ಟಿಲ್ಲ. ಹಿಂದೆ ಬೈಕ್ ಓಡಿಸದೇ ಇದ್ದವರು ಬೇಗ ಕಲಿಯುತ್ತಾರೆ. ನಿಮ್ಮಂತೆ 26 ವರ್ಷ ಬುಲೆಟ್ ಓಡಿಸಿದವರಿಗೇ ಕಷ್ಟ, ಯಾಕೆಂದರೆ ಅವರು ಮೊದಲು ಮರೆಯಬೇಕು.

ಈಗ ವೇಗದ ಲೆಕ್ಕ ಹೇಳುತ್ತೇನೆ. ಹಿಂದಿನ ಎರಡು ಚಕ್ರದ ನಡುವೆ 90 ಸೆಂ.ಮೀ. ಇದೆ ಅಂದುಕೊಳ್ಳಿ. ಗಾಡಿ ಮತ್ತು ಸವಾರ ಇಬ್ಬರ ಭಾರದ ಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ. ಭಾರದಲ್ಲಿ ಹತ್ತಕ್ಕೆ ಆರು ಪಾಲು ಹಿಂದೆ ಬೀಳುತ್ತದೆ. ಇಂಥ ಗಾಡಿ 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 28 ಕಿ.ಮೀ. ವೇಗಕ್ಕೆ ಒಳಗಿನ ಚಕ್ರ ಎತ್ತುತ್ತದೆ. ಒಳ್ಳೆಯ ಟೈರ್ ಇರುವ ಬೈಕ್ ಒಣ ಡಾಂಬರಿನಲ್ಲಿ ಅದೇ ತಿರುವನ್ನು 35ರಲ್ಲಿ ದಾಟುತ್ತದೆ. ತಿರುವು 10 ಮೀಟರ್‌ನದಾದರೆ ಟ್ರೈಕ್‌ನ ಮಿತಿ 23ಕ್ಕೆ ಇಳಿಯುತ್ತದೆ. ರಸ್ತೆ ಹೊರಗಡೆಗೆ ಹತ್ತಕ್ಕೆ ಒಂದರಷ್ಟು ಇಳಿಜಾರಾಗಿದ್ದರೆ, 15 ಮೀಟರ್ ತಿರುವಿನಲ್ಲೂ 24ಕ್ಕೇ ಚಕ್ರ ಏಳುತ್ತದೆ. ಇವು ಗಾಡಿ ಮಗುಚಲು ಶುರುವಾಗುವ ವೇಗಗಳು, ಓಡಿಸಬೇಕಾದ ವೇಗಗಳಲ್ಲ. ಸೈಡ್ ವೀಲ್‌ಗೆ ಶಾಕ್ ಅಬ್ಸಾರ್ಬರ್ ಇದ್ದರೆ ಹೊರಗಿನದು ಕುಗ್ಗಿ ಗಾಡಿ ಇನ್ನೂ ಬೇಗ ವಾಲುತ್ತದೆ. ತಿರುವಿನ ನಡುವೆ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ಓಡುತ್ತದೆ, ಮುಂದೆ ಇರುವುದು ಒಂದೇ ಚಕ್ರ. ಅದಕ್ಕೇ ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನೊಳಗೆ ಅಲ್ಲ. ವೇಗ ಎರಡು ಪಟ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಅನ್ನುವುದೂ ನೆನಪಿರಲಿ.

ಆಲ್ದೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯ ತಿರುವುಗಳನ್ನು ನೀವು ಕಣ್ಣು ಮುಚ್ಚಿ ಹೇಳಬಲ್ಲಿರಿ. ಯಾವ ತಿರುವನ್ನು ಈಗ ಎಷ್ಟು ವೇಗದಲ್ಲಿ ತೆಗೆಯುತ್ತೀರಿ ಅಂತ ಒಮ್ಮೆ ಗಮನಿಸಿ ಬರೆದಿಡಿ. ಅದರ ಅರ್ಧ ವೇಗದಲ್ಲಿ ಹೋಗಲು ಮನಸ್ಸು ಒಪ್ಪುತ್ತದಾ ಅಂತ ಕೇಳಿಕೊಳ್ಳಿ. ಒಪ್ಪದಿದ್ದರೆ ಟ್ರೈಕ್ ನಿಮಗಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ತೋಟದ ದಾರಿ. ಬೆಂಗಳೂರಿನಲ್ಲಿ ಟ್ರೈಕ್ ಮಾಡುವವರಿಗೆ ಇದು ಹೊಳೆಯುವುದೇ ಇಲ್ಲ. ಜೀಪು, ಟ್ರ್ಯಾಕ್ಟರ್ ಓಡಿ ಓಡಿ ಎರಡು ಕೊರಕಲು ಬಿದ್ದಿರುತ್ತದೆ. ನಡುವೆ ಹುಲ್ಲು ಬೆಳೆದ ದಿಬ್ಬ. ಬೈಕಿನಲ್ಲಿ ನೀವು ಒಂದು ಕೊರಕಲು ಹಿಡಿದು ಹೋಗುತ್ತೀರಿ, ಅಥವಾ ದಿಬ್ಬದ ಮೇಲೆ ಹೋಗುತ್ತೀರಿ. ಒಂದು ಚಕ್ರದಗಲದ ದಾರಿ ಸಿಕ್ಕರೆ ಸಾಕು. ಟ್ರೈಕ್‌ಗೆ ಮೂರು ಚಕ್ರದ ಮೂರು ದಾರಿ ಬೇಕು. ಜೀಪಿನ ಎರಡು ಚಕ್ರದ ನಡುವಿನ ಅಂತರಕ್ಕಿಂತ ಸೈಡ್ ವೀಲ್‌ಗಳ ಅಂತರ ಕಡಿಮೆ. ಹಾಗಾಗಿ ಒಂದು ಚಕ್ರ ಕೊರಕಲಿನಲ್ಲಿ, ಇನ್ನೊಂದು ದಿಬ್ಬದ ಓರೆಯಲ್ಲಿ. ಗಾಡಿ ಇಡೀ ದಾರಿ ಒಂದು ಪಕ್ಕಕ್ಕೆ ವಾಲಿಕೊಂಡೇ ಹೋಗುತ್ತದೆ. ಬೈಕ್ ಆದರೆ ಮೈಯಿಂದ ಸರಿಮಾಡಿಕೊಳ್ಳಬಹುದು. ಇಲ್ಲಿ ಆಗುವುದಿಲ್ಲ. ಡಾಂಬರು ರಸ್ತೆಯಲ್ಲೂ ಗುಂಡಿ ತಪ್ಪಿಸುವ ಆಟ ಮುಗಿಯಿತು. ಮುಂದಿನ ಚಕ್ರ ತಪ್ಪಿಸಿದರೆ ಹಿಂದಿನದೊಂದು ಬೀಳುತ್ತದೆ.

ಸೈಡ್ ವೀಲ್ ಕಿಟ್‌ನಲ್ಲಿ ಇನ್ನೊಂದು ತೊಂದರೆ ಇದೆ. ಸ್ಕೂಟರಿನ ಹಿಂದಿನ ಚಕ್ರ ನಡುವೆ ಹಾಗೇ ಇರುತ್ತದೆ. ಎಂಜಿನ್ ತಿರುಗಿಸುವುದು ಅದೊಂದನ್ನೇ. ಪಕ್ಕದ ಎರಡು ಚಕ್ರ ಸುಮ್ನೆ ಆಸರೆಗೆ. ಆ ಎರಡು ಎತ್ತರದ ನೆಲದಲ್ಲಿದ್ದು ನಡುವಿನದು ಗುಂಡಿಯ ಮೇಲೆ ಬಂದರೆ, ಅದು ಜಾಗದಲ್ಲೇ ಗಿರಗಿರ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಜೂನ್ ಜುಲೈ ಕೆಸರಿನಲ್ಲಿ ಏರು ಹತ್ತುವಾಗ ಹೀಗೆ ಸಿಕ್ಕಿಕೊಂಡರೆ ಇಳಿದು ತಳ್ಳಬೇಕು. ತಳ್ಳಲು ಮಂಡಿ ಬೇಕು. ಹೆಚ್ಚಿನ ಕಿಟ್‌ಗಳಲ್ಲಿ ಪಕ್ಕದ ಚಕ್ರಗಳಿಗೆ ಬ್ರೇಕೂ ಇರುವುದಿಲ್ಲ. ಭಾರ ಹೆಚ್ಚಾಯಿತು, ಬ್ರೇಕ್ ಅಷ್ಟೇ ಉಳಿಯಿತು. ಗೇರಿಲ್ಲದ ಸ್ಕೂಟರಿನಲ್ಲಿ ಇಳಿಜಾರಿನಲ್ಲಿ ಬುಲೆಟ್‌ನಂತೆ ಎಂಜಿನ್ ಹಿಡಿಯುವುದಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ.

ರಿವರ್ಸ್ ವಿಷಯವನ್ನು ಜನ ಗಾಡಿ ತೆಗೆದುಕೊಂಡ ಮೇಲೆ ಯೋಚಿಸುತ್ತಾರೆ. ಪೇಟೆಯಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತೆಗೆಯುವವರು ಯಾರು? ಸೈಡ್ ವೀಲ್ ಗಾಡಿಯನ್ನು ಕೂತಲ್ಲಿಂದ ಕಾಲಲ್ಲಿ ನೂಕಲಾಗುವುದಿಲ್ಲ. ರಿವರ್ಸ್ ಗೇರ್ ಇರುವ ಕಿಟ್‌ಗಳು ಬರುತ್ತವೆ, ಅಂಥದ್ದನ್ನೇ ಹಾಕಿಸಬೇಕು. ನಿಮ್ಮ ಕಡೆ ಆನೆ ಓಡಾಟ ಇದೆ. ತೋಟದ ದಾರಿಯಲ್ಲಿ ಬೆಳಿಗ್ಗೆ ಎದುರಿಗೆ ಆನೆ ಕಂಡರೆ ಬೈಕನ್ನು ನಿಂತ ಜಾಗದಲ್ಲೇ ತಿರುಗಿಸಿ ಬರಬಹುದು. ರಿವರ್ಸ್ ಇಲ್ಲದ ಟ್ರೈಕ್ ಕಿರಿದಾದ ದಾರಿಯಲ್ಲಿ ತಿರುಗುವುದೇ ಇಲ್ಲ. ಹೆದರಿಸಲು ಹೇಳುತ್ತಿಲ್ಲ, ಮಲೆನಾಡಿನಲ್ಲಿ ಗಾಡಿ ಆರಿಸುವಾಗ ಇದನ್ನೂ ಯೋಚಿಸಲೇಬೇಕು.

ಮೂರು ಚಕ್ರದ ಒಳ್ಳೆಯ ಗುಣವನ್ನೂ ಹೇಳಬೇಕು. ಮಳೆಗಾಲದಲ್ಲಿ ನೆರಳಿನ ರಸ್ತೆ ಪಾಚಿ ಕಟ್ಟಿದಾಗ, ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಕೆಸರಿನ ಮೇಲೆ, ಬೈಕಿನ ಮುಂದಿನ ಚಕ್ರ ಜಾರಿದರೆ ನೆಲಕ್ಕೆ ಬಿದ್ದಂತೆಯೇ. ಮೆಲ್ಲಗೆ ಹೋಗುವ ಟ್ರೈಕ್ ಜಾರಿದರೂ ನಿಂತೇ ಇರುತ್ತದೆ. ಸಾಮಾನು ಹೇರಿಕೊಂಡು ನಿಂತಾಗ ವಾಲುವ ಭಯ ಇಲ್ಲ. ಕಾಲು ಊರುವ ಕೆಲಸವೇ ಇಲ್ಲ. ಪೇಟೆಯೊಳಗೆ, ಒಳ್ಳೆಯ ರಸ್ತೆಯಲ್ಲಿ, 30ರ ಒಳಗೆ ಓಡಿಸುವವರಿಗೆ ಅದು ನೆಮ್ಮದಿಯ ಗಾಡಿ. ಕಡೂರಿನ ಬಯಲಿನಲ್ಲಿ ಮನೆ ಇರುವವರು ಕೇಳಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತೇನೋ.

ಈಗ ಆ ವಿಡಿಯೋ ಬಗ್ಗೆ. ಬುಲೆಟ್‌ಗೆ ಹಿಂದೆ ಎರಡು ಚಕ್ರ ಹಾಕಿಸುವುದು ಬೇಡ, ಅಣ್ಣಾ. ಇದನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಆಟೋದಲ್ಲಿ ಹಿಂದಿನ ಎರಡು ಚಕ್ರ ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಇರುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ಮಾಡುವ ಟ್ರೈಕ್‌ಗಳಲ್ಲಿ ಎಷ್ಟೋ ಸಲ ಒಂದೇ ಗಟ್ಟಿ ಆಕ್ಸಲ್ ಹಾಕಿರುತ್ತಾರೆ. ಅಂಥ ಗಾಡಿ ತಿರುಗಲು ಒಪ್ಪುವುದಿಲ್ಲ, ನೇರಕ್ಕೇ ನೂಕುತ್ತದೆ. ಬೈಕ್ ವಾಲುವುದರಿಂದ ಅದರ ಚಕ್ರದ ಕಡ್ಡಿಗಳ ಮೇಲೆ ಅಡ್ಡ ಬಲ ಹೆಚ್ಚು ಬೀಳುವುದಿಲ್ಲ. ಟ್ರೈಕ್ ಆದ ಮೇಲೆ ಅದೇ ಕಡ್ಡಿ, ಅದೇ ಫೋರ್ಕ್, ಅದೇ ಚಾಸಿ ಪ್ರತಿ ತಿರುವಿನಲ್ಲೂ ಅಡ್ಡಕ್ಕೆ ಬಗ್ಗುತ್ತವೆ. ಅವನ್ನು ಆ ಕೆಲಸಕ್ಕೆ ಮಾಡಿದ್ದಲ್ಲ. ಇಷ್ಟಾದರೂ ನಿಮ್ಮ ಎಡಗಾಲಿನ ಬ್ರೇಕ್ ಅಲ್ಲೇ ಇರುತ್ತದೆ. ಕ್ಲಚ್ಚು, ಕಿಕ್ಕರ್ ಎಲ್ಲ ಹಾಗೇ.

ಹೊರದೇಶದಲ್ಲಿ ಕಂಪನಿಯೇ ಮಾಡುವ ಟ್ರೈಕ್‌ಗಳ ಮಾತು ಬೇರೆ. ಹಾರ್ಲೆ ಡೇವಿಡ್‌ಸನ್‌ನ ಟ್ರೈ ಗ್ಲೈಡ್ 500 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ಹಿಂದೆ ಅಗಲವಾದ ಆಕ್ಸಲ್. ಪಿಯಾಜಿಯೋ 2006ರಲ್ಲಿ ತಂದ ಎಂಪಿ3ಯಲ್ಲಿ, ಯಮಹಾ ಆಮೇಲೆ ಮಾಡಿದ ನಿಕೆನ್‌ನಲ್ಲಿ ಮುಂದೆಯೇ ಎರಡು ಚಕ್ರ. ಅವು ಬೈಕಿನಂತೆ ವಾಲುತ್ತವೆ. ಹಾಗಾಗಿ ನಿಂತಾಗ ಅವುಗಳಿಗೂ ಕಾಲು ಊರಬೇಕು, ಇಲ್ಲವೇ ಲಾಕ್ ಹಾಕಬೇಕು. ನಮ್ಮ ಜಿಲ್ಲೆಯ ಶೋರೂಮ್‌ನಲ್ಲಿ ಇಂಥವು ಸಿಗುವುದಿಲ್ಲ. ಅವುಗಳ ಚಂದ ನೋಡಿ ನಮ್ಮ ಬುಲೆಟ್ ಕೊಯ್ಯಿಸುವುದು ಸರಿಯಲ್ಲ.

ಕಾನೂನೂ ನಿಮಗೆ ಅಡ್ಡ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಹೀಗೆ ಬದಲಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ದಂಡಕ್ಕಿಂತ ನನಗೆ ಭಯ ಇರುವುದು ಇನ್ಶೂರೆನ್ಸ್‌ನದು. ಆರ್‌ಸಿಯಲ್ಲಿ ಎರಡು ಚಕ್ರ, ರಸ್ತೆಯಲ್ಲಿ ಮೂರು ಚಕ್ರ. ಯಾರಿಗಾದರೂ ಪೆಟ್ಟಾದರೆ ಆ ಹಣ ತೋಟದಿಂದಲೇ ಬರಬೇಕಾದೀತು.

ಅಂಗವೈಕಲ್ಯ ಇರುವವರಿಗೆ ಕಾನೂನು ಬಾಗಿಲು ತೆರೆದಿದೆ. ಮೊದಲು ಇನ್‌ವ್ಯಾಲಿಡ್ ಕ್ಯಾರೇಜ್ ಎನ್ನುತ್ತಿದ್ದರು, 2019ರ ತಿದ್ದುಪಡಿಯಿಂದ ಅಡಾಪ್ಟೆಡ್ ವೆಹಿಕಲ್ ಎನ್ನುತ್ತಾರೆ. ಲೈಸೆನ್ಸ್‌ನಲ್ಲೂ ಅದು ಬೇರೆಯೇ ವರ್ಗ. ಆದರೆ ಆ ಗಾಡಿಯನ್ನು ಅವರು, ಅಥವಾ ಅವರಿಗಾಗಿ ಮಾತ್ರ ಬಳಸಬೇಕು. ನಿಮ್ಮ ಮಂಡಿ ಅಷ್ಟರ ಮಟ್ಟಿಗೆ ಹೋಗಿದೆಯಾ ಅಂತ ಹೇಳಬೇಕಾದವರು ಜಿಲ್ಲಾ ಆಸ್ಪತ್ರೆಯ ಡಾಕ್ಟರು. ಹೌದು ಅಂತಾದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಸಹಾಯ ಮಾಡುತ್ತಾರೆ. ಆಮೇಲೆ ಆರ್‌ಟಿಓಗೆ ಹೋಗಿ ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬರೆಸಿ, ಇನ್ಶೂರೆನ್ಸ್‌ಗೂ ತಿಳಿಸಿ. ಚಕ್ರ ಹಾಕಿಸುವುದು ಒಪ್ಪಿಗೆ ಸಿಕ್ಕ ಮೇಲೆ, ಮೊದಲೇ ಅಲ್ಲ.

ಡಾಕ್ಟರ ಹತ್ತಿರ ಹೋದಾಗ ಎರಡು ಮಾತು ಬಿಡಬೇಡಿ. ಪಾದ ಜೋಮು ಹಿಡಿಯುತ್ತದಾ? ಸಕ್ಕರೆ ಕಾಯಿಲೆ ಇರುವವರಿಗೆ ನೆಲ ಸಿಕ್ಕಿದ್ದು ಪಾದಕ್ಕೆ ಸರಿಯಾಗಿ ತಿಳಿಯುವುದಿಲ್ಲ, ನಿಲ್ಲಿಸುವಾಗ ಬೀಳಲು ಅದೂ ಕಾರಣ ಆಗುತ್ತದೆ. ಇನ್ನೊಂದು, ತಲೆ ಸುತ್ತು ಬರುತ್ತದಾ? ಬಂದರೆ ಯಾವ ಗಾಡಿಯೂ ಬೇಡ, ಮೊದಲು ಅದು ವಾಸಿಯಾಗಲಿ. ತಲೆ ಸುತ್ತುವವರಿಗೆ ಮೂರು ಚಕ್ರ ಸುಳ್ಳು ಧೈರ್ಯ ಕೊಡುತ್ತದೆ. ಹೇಗೂ 55 ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣ ಆಗುತ್ತದೆ, ಡಾಕ್ಟರ ಸರ್ಟಿಫಿಕೇಟೂ ಬೇಕು. ಅದನ್ನು ಸಹಿಗಾಗಿ ಮಾತ್ರ ಮಾಡಿಸದೆ ನಿಜವಾಗಿ ತೋರಿಸಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಎರಡೇ ಚಕ್ರದ, ಗೇರಿಲ್ಲದ, ತಗ್ಗು ಸೀಟಿನ ಸ್ಕೂಟರ್ ತೆಗೆದುಕೊಳ್ಳುತ್ತಿದ್ದೆ. ಎರಡೂ ಬ್ರೇಕ್ ಕೈಯಲ್ಲಿ. ಎರಡೂ ಕಾಲು ನೆಲಕ್ಕೇ ಬಿಟ್ಟದ್ದು. ಏರಿನಲ್ಲಿ ನಿಂತರೆ ಬ್ರೇಕ್ ಹಿಡಿದುಕೊಂಡೇ ಎರಡೂ ಕಾಲು ಊರಬಹುದು. ನಿಮ್ಮ ಎರಡು ಬೀಳುವಿಕೆಗೂ ಇದೇ ಮದ್ದು. ಶೋರೂಮ್‌ನಲ್ಲಿ ಸೀಟಿನ ಮೇಲೆ ಕೂತು ನೋಡಿ. ಎರಡೂ ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗಬೇಕು. ಬೆರಳ ತುದಿ ಸಾಕು ಅನ್ನುವ ಮಾತು ನಿಮ್ಮ ಮಂಡಿಗೆ ಆಗಿಬರುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಕೆಲವಕ್ಕೆ ರಿವರ್ಸ್ ಇರುತ್ತದೆ. ಪೇಟೆಯ ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ತೆಗೆಯಲು ಮಂಡಿಗೆ ಅದು ದೊಡ್ಡ ಉಪಕಾರ. ಚಾರ್ಜ್‌ಗೆ ನಿಮ್ಮಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅನ್ನುವುದು ನಿಮಗೇ ಗೊತ್ತು. ಸ್ಕೂಟರಿನ ಸಣ್ಣ ಚಕ್ರ ಗುಂಡಿಯಲ್ಲಿ ಬುಲೆಟ್‌ಗಿಂತ ಜಾಸ್ತಿ ಕುಲುಕುತ್ತದೆ, ಅದು ನಿಜ. ತೋಟದೊಳಗಿನ ಓಡಾಟಕ್ಕೆ ಮಾತ್ರ ಎಕ್ಸ್‌ಎಲ್ ಸಾಕು ಅನ್ನುವವರು ನಿಮ್ಮ ಊರಲ್ಲೇ ಎಷ್ಟು ಜನ ಇದ್ದಾರೆ ನೋಡಿ. ಸುಮ್ನೆ ಹಾಗೆ ಹೇಳುವುದಿಲ್ಲ ಅವರು.

ಅತ್ತಿಗೆಯವರಿಗೆ ಒಂದು ಮಾತು. ಗಾಡಿ ಪೂರ್ತಿ ನಿಂತು, ನೀವು ಎರಡೂ ಕಾಲು ಊರಿ, "ಈಗ ಇಳಿ" ಅಂದ ಮೇಲೆಯೇ ಅವರು ಕದಲಬೇಕು. ಸೀರೆಯಲ್ಲಿ ಒಂದೇ ಪಕ್ಕಕ್ಕೆ ಕೂರುವವರು ಇಳಿಯುವಾಗ ಭಾರವೆಲ್ಲ ಎಡಕ್ಕೆ ಬೀಳುತ್ತದೆ, ನಿಮ್ಮ ಕೆಟ್ಟ ಮಂಡಿ ಇರುವುದೂ ಅದೇ ಕಡೆ. ಅವರಿಗೆ ಇನ್ನೂ ಭಯ ಇದ್ದರೆ ಒತ್ತಾಯ ಮಾಡಬೇಡಿ. ಮಳೆಗಾಲದಲ್ಲಿ ಇಬ್ಬರೂ ಹೋಗುವುದಿದ್ದರೆ ಬಸ್ಸೋ, ಬಾಡಿಗೆ ಜೀಪೋ ಇದ್ದೇ ಇದೆ. ಹಳೆಯದೊಂದು ಸಣ್ಣ ಕಾರು ಕೈಗೆಟುಕಿದರೆ, ಟ್ರೈಕ್‌ಗೆ ಹಾಕುವ ಹಣ ಅದಕ್ಕೆ ಹಾಕಿ ಅನ್ನುತ್ತೇನೆ.

ಡಾಕ್ಟರು ಮಂಡಿ ನೋಡಿ, ಕಾಲೂರುವ ಗಾಡಿಯೇ ಬೇಡ ಅಂದರೆ ಆಗ ಸೈಡ್ ವೀಲ್ ಸ್ಕೂಟರ್ ಸರಿ. ಬುಲೆಟ್ ಅಲ್ಲ, ಸ್ಕೂಟರ್. ರಿವರ್ಸ್ ಇರಲಿ, ಇಳಿಜಾರಿನಲ್ಲಿ ನಿಲ್ಲಿಸಲು ಬ್ರೇಕ್ ಲಾಕ್ ಇರಲಿ. ಸಾಮಾನು ಕಾಲಿನ ಹತ್ತಿರ ತಗ್ಗಿನಲ್ಲಿಡಿ, ಹಿಂದೆ ಎತ್ತರಕ್ಕೆ ಹೇರಬೇಡಿ. ತಿರುವಿನಲ್ಲಿ ನೀವೂ, ಹಿಂದೆ ಕೂತವರೂ ಮೈಯನ್ನು ಒಳಕ್ಕೆ ವಾಲಿಸಬೇಕು. ಕಲಿಯಲು ನಿಮ್ಮ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಸಿಮೆಂಟು ನೆಲ, ಸಮತಟ್ಟು, ಎದುರಿಗೆ ಯಾರೂ ಬರುವುದಿಲ್ಲ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ನಾಲ್ಕು ಬಕೆಟ್ ಇಟ್ಟು, ಎಂಟರ ಆಕಾರದಲ್ಲಿ ಸುತ್ತಿ. ದಿನಾ ಅರ್ಧ ಗಂಟೆಯಂತೆ ಹತ್ತು ದಿನ. ಆ ಹತ್ತು ದಿನ ಬೈಕ್ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಓಡಿಸಿದರೆ ಕೈಗೆ ಗೊಂದಲ.

ಬುಲೆಟ್ ಮಾರುವುದು ಬಿಡುವುದು ಆಮೇಲೆ ನೋಡಿದರಾಯಿತು. ಅದನ್ನು ಕೊಯ್ಯಿಸಬೇಡಿ ಅಷ್ಟೇ.

ಇನ್ನು ಆ ಉಣಗೋಲು. ಏರಿನ ನಡುವೆ ಗಾಡಿ ನಿಲ್ಲಿಸಿ ಇಳಿದು ತೆಗೆಯುವಂತೆ ಯಾಕಿರಬೇಕು? ಏರು ಶುರುವಾಗುವ ಮೊದಲು ದಾರಿ ಸಮವಾಗಿರುವ ಜಾಗ ನೋಡಿ ಎರಡು ಕಂಬ ನೆಡಿಸಿ, ಅಲ್ಲಿಗೆ ಇಳಿಸಿಬಿಡಿ. ಇಬ್ಬರು ಆಳಿಗೆ ಒಂದು ದಿನದ ಕೆಲಸ. ಯಾವ ಗಾಡಿ ತೆಗೆದುಕೊಂಡರೂ, ಇದನ್ನು ಈ ವಾರವೇ ಮಾಡಿಸಿ.